ಬಾಳವ್ವನ ಬಲಗಡೆಯ ಹೂವು

ಬಹಳ ಹಿಂದಿನ ಮಾತು ಇದು. ಎಷ್ಟು ಹಿಂದಿನದು ಎಂದು ಮಾತ್ರ ಕೇಳಬೇಡಿ. ಕೇಳಿದರೆ ನಾನೊಂದು ಹೇಳುತ್ತೇನೆ, ಕೆಳಗಿನ ಓಣಿಯವರು ಇನ್ನೊಂದು ಹೇಳುತ್ತಾರೆ, ಜಗಳವಾಗಿ ಕತೆ ಅಲ್ಲೇ ಕುಂತುಬಿಡುತ್ತದೆ. ಹೊಳೆಯ ದಂಡೆಗೆ ಒಂದು ಊರಿತ್ತಂತೆ. ದಡದೂರು ಅಂತ ಅದರ ಹೆಸರಂತೆ. ಊರು ದಿಬ್ಬದ ಮೇಲೆ, ಹೊಳೆ ದಿಬ್ಬದ ಕೆಳಗೆ. ಹೊಳೆಯ ಅಂಚಿಗೇ ಒಂದು ಕಟ್ಟೆ, ಕಟ್ಟೆಯ ಮೇಲೆ ಹುಣಸೆಮರದ ನೆರಳಲ್ಲಿ ದಡಯ್ಯ.

ದಡಯ್ಯ ಅಂದರೆ ದೇವರು. ಕಣ್ಣು ಮೂಗು ಕೈಕಾಲು ಯಾವುದೂ ಇಲ್ಲದ ಕರೀ ದುಂಡುಗಲ್ಲು. ಹೊಳೆಯ ನೀರು ಬಂದು ಬಂದು ಅವನ ಮುಂದಿನ ಕಟ್ಟೆಗಲ್ಲನ್ನು ನೆಕ್ಕಿ ಹೋಗುತ್ತಿತ್ತಂತೆ. ಮುಖವೇ ಇಲ್ಲದವನು ಯಾವ ಕಡೆ ನೋಡುತ್ತಾನೆ ಎಂದು ಯಾರಾದರೂ ಕೇಳಿದರೆ ಊರಿನ ಕೂಸುಗಳೂ ನಗುತ್ತಿದ್ದವಂತೆ. ಹೊಳೆ ಇರುವಾಗ ದಡಯ್ಯ ಮತ್ತೇನು ನೋಡುತ್ತಾನೆ?

ಅವನ ಹತ್ತಿರ ಏನಾದರೂ ಕೇಳುವುದಿದ್ದರೆ ಒಂದು ಕೆಂಪು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಅವನ ನೆತ್ತಿಗಿಟ್ಟು ಕಾಯಬೇಕು. ಹೂವು ಬಲಕ್ಕೆ ಜಾರಿದರೆ ಕೇಳಿದ್ದು ಆಗುತ್ತದೆ ಅಂತ. ಎಡಕ್ಕೆ ಜಾರಿದರೆ ಇಲ್ಲ ಅಂತ. ದಡಯ್ಯ ಬಲ ಕೊಟ್ಟ ಅಂದರೆ ಮುಗಿಯಿತು, ಅದು ಅವನು ಕೊಟ್ಟ ಮಾತು. ಕೊಟ್ಟ ಮಾತಿಗೆ ಅವನು ತಪ್ಪಿದ್ದನ್ನು ಕಂಡವರಿಲ್ಲ, ಕೇಳಿದವರೂ ಇಲ್ಲ.

ಆ ಊರಲ್ಲಿ ಅಂಬಿಗರದು ಹದಿನಾಲ್ಕು ಮನೆಗಳಂತೆ. ಬಿದಿರು ಹೆಣೆದು, ತೊಗಲು ಹೊದಿಸಿ, ಎಣ್ಣೆ ರಾಳ ಕುದಿಸಿ ಬಳಿದು ಹರಿಗೋಲು ಮಾಡುವುದು, ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುವುದು, ಇಷ್ಟೇ ಅವರ ಬದುಕು. ಬಾಳವ್ವ ಆ ಹದಿನಾಲ್ಕು ಮನೆಗಳಲ್ಲಿ ಒಂದರ ಸೊಸೆ. ಕುಳ್ಳಗೆ, ಗಟ್ಟಿಮುಟ್ಟಾಗಿ, ನಕ್ಕರೆ ಆ ದಡಕ್ಕೆ ಕೇಳುವಂಥ ಗಂಟಲಿನ ಹೆಂಗಸಂತೆ. ಅವಳ ಗಂಡ ಕಳಕಪ್ಪ ಉದ್ದಕ್ಕೆ ಒಣಗಿದ ಮನುಷ್ಯ, ಮಾತೆತ್ತಿದರೆ ಗೊಣಗಾಟ. ಅವನು ಗೊಣಗದ ದಿನ ಬಾಳವ್ವ ಹಣೆ ಮುಟ್ಟಿ ಜ್ವರ ಬಂದಿದೆಯೇನೋ ಎಂದು ನೋಡುತ್ತಿದ್ದಳಂತೆ.

ಒಂದು ಮಳೆಗಾಲ ಏನಾಯಿತೋ, ಮೇಲಿನ ತಿರುವಿನಲ್ಲಿ ಹೊಳೆ ದಂಡೆ ಒಡೆದುಕೊಂಡು ಬೇರೆ ದಾರಿ ಹಿಡಿಯಿತಂತೆ. ಊರವರು ಬೆಳಗ್ಗೆ ಕೊಡ ಹಿಡಿದು ಇಳಿದರೆ ಹೊಳೆಯೇ ಇಲ್ಲ. ಮೀನುಗಳು ಕೆಸರಲ್ಲಿ ಪಟಪಟ ಒದ್ದಾಡುತ್ತಿವೆ, ಹರಿಗೋಲುಗಳು ನೆಲಕ್ಕೆ ಕುಂತಿವೆ. ಹೊಳೆ ಒಂದು ಹರದಾರಿ ಆಚೆಗೆ ಹೋಗಿ, ತನಗೂ ಈ ಊರಿಗೂ ಏನೂ ಸಂಬಂಧವಿಲ್ಲ ಎನ್ನುವಂತೆ ಹರಿಯುತ್ತಿದೆ. ಹೆಂಗಸರು ಗೋಳೋ ಎಂದು ಅತ್ತರು. ಗಂಡಸರು ಮರಳು ನೋಡುತ್ತಾ ನಿಂತರು.

ಹದಿನಾಲ್ಕು ಮನೆಯವರೂ ಕಟ್ಟೆಗೆ ಬಂದರಂತೆ. ಮುದುಕ ಪೂಜಾರಿ ಜಟ್ಟೆಪ್ಪ ಹೂವಿನ ಬುಟ್ಟಿ ಹಿಡಿದು, ಯಾರು ಕೇಳುತ್ತೀರಿ ಎಂದ. ಕೇಳಲು ಎಲ್ಲರಿಗೂ ಹೆದರಿಕೆ. ಇಲ್ಲ ಎಂದುಬಿಟ್ಟರೆ ಗತಿಯೇನು? ಆಗ ಬಾಳವ್ವ, ಮದುವೆಯಾಗಿ ಇನ್ನೂ ಎರಡು ವರ್ಷವಾಗದ ಹುಡುಗಿ, ಸೆರಗು ಸಿಕ್ಕಿಸಿಕೊಂಡು ಜನರನ್ನು ಸರಿಸಿ ಮುಂದೆ ಬಂದಳಂತೆ.

"ದಡಯ್ಯಾ, ಹೊಳಿ ನಿನ್ನ ಪಾದಕ್ಕ ತಿರುಗಿ ಬರ್ತೈತೋ ಇಲ್ಲೋ? ಬರೂದಾದ್ರ ಬಲ ಕೊಡು. ನಾವು ಇಲ್ಲೇ ಇರ್ತೀವಿ."

ಜಟ್ಟೆಪ್ಪ ಹೂವಿಟ್ಟ. ಹೂವು ಸ್ವಲ್ಪ ಹೊತ್ತು ಅಲ್ಲೇ ಕುಂತಿತು, ಅಲುಗಿತು, ಆಮೇಲೆ ಸರ್ರನೆ ಬಾಳವ್ವನ ಬಲಗೈ ಕಡೆ ಜಾರಿತು. ನೆಲಕ್ಕೆ ಬೀಳುವ ಮೊದಲೇ ಅವಳು ಅದನ್ನು ಸೆರಗಲ್ಲಿ ಹಿಡಿದಳು. ಬಲ ಕೊಟ್ಟ, ಬಲ ಕೊಟ್ಟ ಎಂದು ಜಟ್ಟೆಪ್ಪ ಕುಣಿದಾಡಿದ. ಅವತ್ತು ಹದಿನಾಲ್ಕು ಮನೆಯಲ್ಲೂ ಹೋಳಿಗೆಯಂತೆ.

ಹೊಳೆ ಆ ವರ್ಷ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಮೂರನೆಯ ವರ್ಷ ಅಂಬಿಗರ ಒಂದು ಮನೆ ಗಂಟುಮೂಟೆ ಕಟ್ಟಿತು, ನಾಲ್ಕನೆಯ ವರ್ಷ ಐದು ಮನೆ. ಜಟ್ಟೆಪ್ಪ ತೀರಿಕೊಂಡ. ಏಳನೆಯ ವರ್ಷಕ್ಕೆ ಅಂಬಿಗರಲ್ಲಿ ಉಳಿದದ್ದು ಬಾಳವ್ವ, ಅವಳ ಗೊಣಗುವ ಗಂಡ, ಇಬ್ಬರೇ.

ಕುಡಿಯುವ ನೀರಿಗೆ ಒಂದು ಹರದಾರಿ ನಡೆಯಬೇಕು, ತುಂಬಿದ ಕೊಡ ಹೊತ್ತು ಇನ್ನೊಂದು ಹರದಾರಿ. ಬಾಳವ್ವನ ನೆತ್ತಿಯ ಕೂದಲು ಕೊಡದ ಉಜ್ಜಾಟಕ್ಕೇ ಉದುರಿತಂತೆ. ಇಬ್ಬರೂ ಬುಟ್ಟಿ, ಮೊರ ಹೆಣೆದು ಸುತ್ತಲಿನ ಊರುಗಳಿಗೆ ಕೊಟ್ಟು ಜೋಳ ತರುತ್ತಿದ್ದರು. ಜೋಳ ಸಿಗದ ದಿನ ಹುಣಸೆ ಚಿಗುರು ಬೇಯಿಸಿ ತಿನ್ನುತ್ತಿದ್ದರು. ಹುಟ್ಟಿದ ಎರಡು ಕೂಸುಗಳಲ್ಲಿ ಒಂದು ಉಳಿಯಲಿಲ್ಲ. ಉಳಿದ ಮಗಳನ್ನು ದೂರದ ಊರಿಗೆ ಕೊಟ್ಟರು. ಕಷ್ಟ ಅಂದರೆ ಕಷ್ಟವೇ, ಅದನ್ನು ನಾನು ಸಕ್ಕರೆ ಹಚ್ಚಿ ಹೇಳುವುದಿಲ್ಲ.

ಆದರೆ ಪ್ರತಿ ವರ್ಷ ಕಾರಹುಣ್ಣಿಮೆ ಬಂತೋ, ಬಾಳವ್ವನ ಅಂಗಳದಲ್ಲಿ ಎಣ್ಣೆ ರಾಳ ಕುದಿಯುವ ವಾಸನೆ ಬಂತೇ ಬಂತು. ಹಳೆಯ ಹರಿಗೋಲನ್ನು ಬೋರಲು ಹಾಕಿ, ಸಡಿಲಾದ ಬಿದಿರು ಕಿತ್ತು ಹೊಸದು ಹೆಣೆದು, ತೊಗಲು ಹರಿದಲ್ಲಿ ಹೊಲಿದು, ಒಳಗೂ ಹೊರಗೂ ಬಳಿದು, ಮಿರಿಮಿರಿ ಮಿಂಚುವ ಹರಿಗೋಲನ್ನು ಗಂಡ ಹೆಂಡತಿ ಹೊತ್ತೊಯ್ದು ದಡಯ್ಯನ ಮುಂದಿನ ಒಣ ಮರಳಲ್ಲಿ ಇಡುತ್ತಿದ್ದರು. ಹುಟ್ಟುಗೋಲು ಪಕ್ಕಕ್ಕೆ. ಹಗ್ಗ ಹುಣಸೆಮರಕ್ಕೆ. ತೇಲಿ ಹೋಗಬಾರದಲ್ಲ!

ನೋಡಿದವರು ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ದಾರಿಹೋಕರು ಬಂದು ಹರಿಗೋಲಿನಲ್ಲಿ ಕಾಲು ಚಾಚಿ ಕುಂತು, "ಬೇ ಬಾಳವ್ವ, ದಾಟಸ್ತೀ ಏನ?" ಎನ್ನುತ್ತಿದ್ದರಂತೆ. ಅವಳು ಮುಖ ಗಂಟು ಹಾಕುತ್ತಿರಲಿಲ್ಲ. "ಎಡಗಾಲಿಟ್ಟು ಹತ್ತೀಯಲ್ಲೋ! ಇಳಿ. ಬಲಗಾಲಿಟ್ಟು ಹತ್ತು. ಹೊಳಿ ಬಂದ ಕೂಡಲೇ ಬಿಡತೀನಿ" ಎಂದು ಅವರಿಗೆಲ್ಲ ಒಂದೊಂದು ಬಟ್ಟಲು ಮಜ್ಜಿಗೆ ಕೊಡುತ್ತಿದ್ದಳು. ಕಾಯ್ದು ಕಾಯ್ದು ಬೇಸರವಾಗಿ ಇಳಿದು ನಡೆದುಹೋದವರೂ ಆ ಮಜ್ಜಿಗೆಯನ್ನು ಮರೆಯಲಿಲ್ಲ. ಅವಳ ಕೋಳಿ ಆ ಹರಿಗೋಲಲ್ಲಿ ಮೊಟ್ಟೆ ಇಟ್ಟು ಮರಿ ಮಾಡಿತು. ಬಾಣಂತನಕ್ಕೆ ಬಂದ ಮಗಳು ಕೂಸನ್ನು ಅದರಲ್ಲೇ ಮಲಗಿಸಿ ತೂಗಿದಳು. ಒಣ ಹರಿಗೋಲಿನ ಬಾಳವ್ವ ಎಂದು ಹತ್ತೂರಿಗೆ ಹೆಸರಾಯಿತು. ಹೆಸರು ಕೇಳಿದರೆ ಅವಳೂ ನಗುತ್ತಿದ್ದಳಂತೆ.

ಕಳಕಪ್ಪ ಮಾತ್ರ ವರ್ಷ ವರ್ಷವೂ ಇನ್ನು ಸಾಕು ಎನ್ನುತ್ತಿದ್ದ. ಬಿದಿರು ತರಲು ಇದೇ ಕಡೇ ಸಲ ಹೋಗುವುದು ಎನ್ನುತ್ತಿದ್ದ. ಹಾಗೆನ್ನುತ್ತಲೇ ಕೊಡಲಿ ಹೆಗಲಿಗೆ ಹಾಕಿ ಹೊರಡುತ್ತಿದ್ದ. ಅವನು ಗೊಣಗಿದಾಗಲೆಲ್ಲ ಬಾಳವ್ವ ಜಂತೆಗೆ ಸಿಕ್ಕಿಸಿದ ಬಿದಿರ ಕೊಳವೆಯೊಂದನ್ನು ತೆಗೆದು ಅವನ ಕಿವಿಯ ಹತ್ತಿರ ಅಲುಗಿಸುತ್ತಿದ್ದಳು. ಅವತ್ತಿನ ಕಣಗಿಲೆ ಹೂವು ಅದರಲ್ಲಿತ್ತು. ಮೊದಮೊದಲು ಒಣ ಹೂವಿನ ಸದ್ದು ಬರುತ್ತಿತ್ತು. ಬರಬರುತ್ತಾ ಹೂವು ಪುಡಿಯಾಗಿ ಸದ್ದೇ ನಿಂತಿತು. ಆದರೂ ಅವಳು ಅಲುಗಿಸುವುದು, ಅವನು ಬಾಯಿ ಮುಚ್ಚುವುದು ನಿಲ್ಲಲಿಲ್ಲ.

ಇತ್ತ ಊರಿನ ಉಳಿದವರೂ ಒಬ್ಬೊಬ್ಬರಾಗಿ ಮರಳು ದಾಟಿ ಹೊಳೆಯ ಹೊಸ ದಂಡೆಗೆ ಹೋದರು. ಅಲ್ಲಿ, ಹಳೆಯ ಪಾತ್ರಕ್ಕೂ ಹೊಸ ಹೊಳೆಗೂ ನಡುವಿನ ತಗ್ಗಿನಲ್ಲಿ, ಹೊಸದೊಂದು ಊರು ಕಟ್ಟಿದರು. ಅಲ್ಲಿ ಹೊಳೆ ಮೊಣಕಾಲುದ್ದ ಮಾತ್ರ, ನಡೆದೇ ದಾಟಬಹುದು. ಹರಿಗೋಲು ಯಾರಿಗೂ ಬೇಕಾಗಲಿಲ್ಲ. ಹಬ್ಬಕ್ಕೋ ಹರಕೆಗೋ ಮರಳಲ್ಲಿ ನಡೆದು ಬಂದು, ದಡಯ್ಯನ ಮುಂದೆ ನಿಂತು, ಕಾಯಿ ಒಡೆದು ಹೋಗುತ್ತಿದ್ದರು. ಬಾಳವ್ವನೂ ಅವರ ಜೊತೆ ಮುಂದೆ ನಿಂತು ಕೈ ಮುಗಿದು ಮುಗಿದು ಅದೇ ರೂಢಿಯಾಯಿತು.

ನಮ್ಮಜ್ಜಿ ಹೇಳುತ್ತಿದ್ದದ್ದು ಇಪ್ಪತ್ತೇಳನೆಯ ವರ್ಷ ಅಂತ. ಬೇರೆಯವರು ಮೂವತ್ತು ಎನ್ನುತ್ತಾರೆ. ನಾನು ನಮ್ಮಜ್ಜಿಯ ಮಾತನ್ನೇ ನಂಬುವವನು. ಆ ವರ್ಷ ಕಾರಹುಣ್ಣಿಮೆ ಕಳೆದು, ಹರಿಗೋಲು ಮರಳಲ್ಲಿ ಕುಂತ ಮೇಲೆ, ಹೊಸ ಊರಿನ ಗೌಡ ಎಂಟು ಜನರನ್ನು, ಹೊಸ ಪೂಜಾರಿಯನ್ನು, ಒಂದು ಬಂಡಿಯನ್ನು ಕಟ್ಟಿಕೊಂಡು ಬಂದನಂತೆ. ದಡಯ್ಯನನ್ನು ಹೊಸ ಊರಿಗೆ ಒಯ್ಯುತ್ತೇವೆ, ನೀವೂ ಬನ್ನಿ, ಇಬ್ಬರೇ ಮುದುಕರು ಇಲ್ಲಿ ಯಾಕೆ ಎಂದ. ಗೌಡ ಕೆಟ್ಟವನಲ್ಲ. ಅವರಿಗೊಂದು ಮನೆಯನ್ನೂ ಕಟ್ಟಿಸಿ ಇಟ್ಟಿದ್ದನಂತೆ.

ಬಾಳವ್ವ ಒಪ್ಪಲಿಲ್ಲ. ಹೊಳೆ ತನ್ನ ಪಾದಕ್ಕೆ ಬರುತ್ತದೆ ಎಂದು ದಡಯ್ಯ ಮಾತು ಕೊಟ್ಟದ್ದು ಈ ಜಾಗದಲ್ಲಿ, ಇಲ್ಲಿಂದ ಅವನನ್ನು ಎಬ್ಬಿಸಿದರೆ ಅವನು ಮಾತು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದಳು. ಕೊಳವೆ ತಂದು ತೋರಿಸಿದಳು. ಹೂವು ನನ್ನ ಈ ಬಲಗೈ ಕಡೆಗೇ ಬಿತ್ತು ಎಂದು ಕೈಯೆತ್ತಿ ಹೇಳಿದಳು.

ಹೊಸ ಪೂಜಾರಿ ಮುದ್ದಯ್ಯ ಜಟ್ಟೆಪ್ಪನ ಮೊಮ್ಮಗನೇ. ಆದರೆ ದೂರದಲ್ಲಿ ಬೆಳೆದು, ದೊಡ್ಡ ಗುಡಿಗಳಲ್ಲಿ ಪೂಜೆ ಕಲಿತು ಬಂದವನು. ಅವನು ದಡಯ್ಯನ ಮುಂದೆ ನಿಂತಿದ್ದ ಬಾಳವ್ವನನ್ನು ನೋಡಿದ, ಅವಳ ಬಲಗೈ ನೋಡಿದ, ದೇವರನ್ನು ನೋಡಿದ. ಹೇಳಲೋ ಬೇಡವೋ ಎಂದು ನುಂಗಿ ನುಂಗಿ ಕಡೆಗೆ ಹೇಳಿದನಂತೆ.

"ಯಮ್ಮಾ, ಸಿಟ್ಟಾಗಬ್ಯಾಡ. ಬಲ ಅಂದ್ರ ದೇವರ ಬಲ ನೋಡಬೇಕು, ನಮ್ಮ ಬಲ ಅಲ್ಲ. ಎದುರಿಗೆ ನಿಂತವರ ಬಲಗೈ ದೇವರಿಗೆ ಎಡಗೈ ಆಗ್ತದ. ದಡಯ್ಯ ನಿನಗ ಕೊಟ್ಟಿದ್ದು ಎಡ."

ಕಳಕಪ್ಪನ ಕೈಯಲ್ಲಿದ್ದ ಬಿದಿರ ಸೀಳು ಕೆಳಗೆ ಬಿತ್ತು. ಬಾಳವ್ವ ತನ್ನ ಬಲಗೈಯನ್ನು ನೋಡಿಕೊಂಡಳು. ಅದು ಯಾರದೋ ಬೇರೆಯವರ ಕೈಯಂತೆ ಕಂಡಿತು. ಇಪ್ಪತ್ತೇಳು ವರ್ಷ! ಹೊತ್ತ ನೀರು, ಹೆಣೆದ ಬಿದಿರು, ಮಣ್ಣಿಗೆ ಕೊಟ್ಟ ಕೂಸು, ಗಂಡನನ್ನು ಕಟ್ಟಿಹಾಕಿ ಕೂರಿಸಿದ್ದು, ಎಲ್ಲವೂ, ಹೊಳೆ ಬರುವುದಿಲ್ಲ ಎಂದು ಹೇಳಿದ ದೇವರಿಗೋಸ್ಕರವೇ? ಅವನು ಸುಳ್ಳಾಡಿರಲಿಲ್ಲ. ತಾನೇ ತಪ್ಪಾಗಿ ಓದಿಕೊಂಡಿದ್ದಳೇ? ಕೇಳಿ ತಿಳಿಯೋಣವೆಂದರೆ ಅವತ್ತು ಕಟ್ಟೆಯ ಮೇಲಿದ್ದವರಲ್ಲಿ ಜಟ್ಟೆಪ್ಪನಿಲ್ಲ, ಅಂಬಿಗರ ಹಿರಿಯರು ಒಬ್ಬರೂ ಇಲ್ಲ. ಕಳಕಪ್ಪನನ್ನು ಕೇಳಿದರೆ, ಅವತ್ತು ತಾನು ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ ಎಂದ. ಇಪ್ಪತ್ತೇಳು ವರ್ಷ ಅವನು ಇದನ್ನು ಹೆಂಡತಿಗೆ ಹೇಳಿರಲಿಲ್ಲ, ನೋಡಿ!

ಗೌಡನೂ ಕರಗಿದ. ಒಯ್ಯುವುದೇನಿದ್ದರೂ ನಾಳೆ, ಇವತ್ತು ಅವರನ್ನು ಕಾಡುವುದು ಬೇಡ ಎಂದು ಬಂಡಿ ತಿರುಗಿಸಿದನಂತೆ.

ಅವರು ಹೋದ ಮೇಲೆ ಬಾಳವ್ವ ದಡಯ್ಯನ ಎದುರಿಗೆ ಮರಳಲ್ಲಿ ಕುಂತಳು. ಅತ್ತಳಂತೆ. ಆಮೇಲೆ ಜಗಳವಾಡಿದಳಂತೆ. ಬರುವುದಿಲ್ಲ ಎನ್ನುವುದಾದರೆ ಅವತ್ತೇ ನನ್ನ ಕಿವಿ ಹಿಂಡಿ ಹೇಳಬಾರದಿತ್ತೇ ಎಂದಳು. ಜಗಳವಾಡುತ್ತಾ ಆಡುತ್ತಾ ಅವತ್ತು ಹೂವು ಜಾರಿದ್ದನ್ನು ಮತ್ತೆ ಕಣ್ಣಿಗೆ ತಂದುಕೊಂಡಳು. ಒದ್ದೆ ಹೂವು, ಕೆಂಪಗೆ. ನೆತ್ತಿಯಿಂದ ಜಾರಿತು, ಕರೀ ಕಲ್ಲಿನ ಮೇಲೆ ಜೋಳದ ತೆನೆಯಂಥ ಬಿಳೀ ಗೆರೆ ಇತ್ತು, ಆ ಗೆರೆಯನ್ನು ದಾಟಿತು, ಸೆರಗಿಗೆ ಬಿತ್ತು. ಹೌದು, ಬಿಳೀ ಗೆರೆ. ಕೆಂಪು ಹೂವು ಬಿಳೀ ಗೆರೆ ದಾಟಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

ತಲೆಯೆತ್ತಿ ನೋಡಿದರೆ ಕಲ್ಲಿನ ಮೇಲೆ ಬಿಳೀ ಗೆರೆಯೇ ಇಲ್ಲ!

ಎದ್ದಳು. ಹತ್ತಿರ ಹೋಗಿ ಸೆರಗಿನಿಂದ ಕುಂಕುಮ ಒರೆಸಿ ನೋಡಿದಳು. ಇಲ್ಲ. ಕಲ್ಲನ್ನು ಕೈಯಿಂದ ಸವರುತ್ತಾ ಸುತ್ತಿ ಹಿಂದಕ್ಕೆ ಬಂದಳು. ಅಲ್ಲಿ, ದಡಯ್ಯನ ಬೆನ್ನಲ್ಲಿ, ಊರಿನ ಕಡೆಗೆ, ಜೋಳದ ತೆನೆಯಂಥ ಬಿಳೀ ಗೆರೆ ನೆಟ್ಟಗೆ ನಿಂತಿತ್ತು.

ಆಗ ಅವಳಿಗೆ ನೆನಪಾಯಿತು. ಹೊಳೆ ಇದ್ದ ಕಾಲದಲ್ಲಿ ದಡಯ್ಯನ ಮುಂದೆ ಯಾರೂ ನಿಂತವರೇ ಅಲ್ಲ. ನಿಲ್ಲುವುದಾದರೂ ಎಲ್ಲಿ, ಮುಂದೆ ಬರೀ ನೀರು. ಅಂಬಿಗರು ಅವನ ಹಿಂದೆ ನಿಲ್ಲುತ್ತಿದ್ದರು. ಅವನು ಹೊಳೆ ನೋಡುತ್ತಿದ್ದ, ಅವರೂ ಹೊಳೆ ನೋಡುತ್ತಿದ್ದರು, ಮಧ್ಯೆ ನಿಂತು ಅವನ ಕಣ್ಣಿಗೆ ಅಡ್ಡವಾಗುತ್ತಿರಲಿಲ್ಲ. ಹೊಳೆ ಹೋದ ಮರುದಿನವೂ ಹಳೆಯ ರೂಢಿಯಂತೆ ಹಿಂದೆಯೇ ನಿಂತಿದ್ದರು. ಹಿಂದೆ ನಿಂತವರ ಬಲವೂ ಅವನ ಬಲವೂ ಒಂದೇ! ಮುಂದೆ ನಿಲ್ಲುವುದು ಬಂದದ್ದು ಮರಳು ಬಂದ ಮೇಲೆ. ಊರವರು ನಿಂತರು, ತಾನೂ ನಿಂತಳು. ನಿಂತು ನಿಂತು ಅವನನ್ನೇ ನೋಡುತ್ತಾ, ಅವನು ಏನನ್ನು ನೋಡುತ್ತಿದ್ದಾನೆ ಎಂಬುದನ್ನೇ ಮರೆತುಬಿಟ್ಟಿದ್ದಳು.

ಬಾಳವ್ವ ನಕ್ಕಳಂತೆ. ಎಂಥ ನಗು! ಹುಣಸೆಮರದ ಹಕ್ಕಿಗಳು ಹಾರಿದವು, ಕಳಕಪ್ಪ ಹೆಂಡತಿಗೆ ಏನೋ ಆಯಿತೆಂದು ಗಾಬರಿಯಾಗಿ ಓಡಿಬಂದ. ಅವಳು ಅವನ ಹೆಗಲು ಹಿಡಿದು ದೇವರ ಹಿಂದೆ ನಿಲ್ಲಿಸಿ, ಅವನ ಬಲಗೈ ಎತ್ತಿ, "ಇದು ಯಾರ ಬಲ, ಹೇಳು?" ಎಂದಳು. ಅವನು ಕಣ್ಣು ಪಿಳಿಪಿಳಿ ಬಿಟ್ಟ. ತನ್ನದು ಎಂದ. ಇನ್ನೊಮ್ಮೆ ನೋಡು ಎಂದಳು. ನೋಡಿದ. ಗೆರೆ ನೋಡಿದ, ಮರಳು ನೋಡಿದ. "ದಡಯ್ಯನ ಬಲ" ಎಂದನಂತೆ. ಆ ದಿನ ಅವನು ಗೊಣಗಲಿಲ್ಲ.

ಮರುದಿನ ಬಂದ ಮುದ್ದಯ್ಯನನ್ನೂ ಅವಳು ಹಾಗೇ ಹಿಂದೆ ನಿಲ್ಲಿಸಿದಳು. ಅವನು ಗೆರೆ ಮುಟ್ಟಿದ, ಕೈಯೆತ್ತಿ ಕೈ ಇಳಿಸಿದ, ಗಲ್ಲ ಗಲ್ಲ ಬಡಿದುಕೊಂಡ. ಅಜ್ಜ ಇದನ್ನು ತನಗೆ ಹೇಳಿಕೊಡದೆ ಹೋದನಲ್ಲ ಎಂದು ಹಲುಬಿದ. ಈ ವರ್ಷ ದಡಯ್ಯ ಇಲ್ಲೇ ಇರಲಿ ಎಂದು ಅವನೇ ಗೌಡನಿಗೆ ಹೇಳಿದನಂತೆ. ಗೌಡ ಬರಿಯ ಬಂಡಿ ಹೊಡೆದುಕೊಂಡು ಹೋದ.

ಶ್ರಾವಣ ಬಂತು. ಮೇಲುನಾಡಿನಲ್ಲಿ ಏಳು ದಿನ ಬಿಡದೆ ಮಳೆಯಂತೆ. ಎಂಟನೆಯ ದಿನ ಇಲ್ಲಿ ಎಳೆಬಿಸಿಲು. ಕಳಕಪ್ಪ ಹರಿಗೋಲಿನಲ್ಲಿ ಕುಂತು ಒಣ ಅವರೆಕಾಯಿ ಸುಲಿಯುತ್ತಾ, ಮುಂದಿನ ವರ್ಷ ಬಿದಿರು ತರಲು ಖಂಡಿತ ತನ್ನಿಂದಾಗುವುದಿಲ್ಲ ಎಂದು ಶುರು ಮಾಡಿದ್ದ. ಬಾಳವ್ವ ದಡಯ್ಯನ ಹಿಂದೆ ನಿಂತು ಅವನ ಜೊತೆ ಮರಳು ನೋಡುತ್ತಿದ್ದಳು. ದೂರದಲ್ಲಿ ಏನೋ ಸರಸರ ಸದ್ದು. ಮರಳು ಮೊದಲು ಕಪ್ಪಾಯಿತು, ಆಮೇಲೆ ಮಿಂಚಿತು, ಆಮೇಲೆ ತರಗೆಲೆ ಕಡ್ಡಿ ನೊರೆ ಎಲ್ಲವನ್ನೂ ತಳ್ಳಿಕೊಂಡು ನೀರು ಬಂತು. ಅವಳು ಕೂಗಲು ಬಾಯಿ ತೆರೆಯುವ ಮೊದಲೇ ಕೂಗಿದವನು ಕಳಕಪ್ಪ. ಗೊಣಗುತ್ತಾ ಕುಂತವನನ್ನು ಅವರೆಕಾಯಿ ಸಮೇತ ಹೊಳೆ ಎತ್ತಿಕೊಂಡಿತ್ತು! "ಬಾಳೀ, ನಾನು ತೇಲಾಕತ್ತೀನಿ! ಏ ಬಾಳೀ, ಹೊಳಿ ಬಂತಽ!" ಎಂದು ಅವನು ಹರಿಗೋಲಿನಲ್ಲಿ ಗಿರಗಿರ ತಿರುಗುತ್ತಿದ್ದ. ಮರಕ್ಕೆ ಕಟ್ಟಿದ ಹಗ್ಗ ಅವನನ್ನು ಹಿಡಿದು ನಿಲ್ಲಿಸಿತು.

ನೀರು ಏರಿ ಏರಿ ಬಂದು ದಡಯ್ಯನ ಮುಂದಿನ ಕಟ್ಟೆಗಲ್ಲನ್ನು ಮುಟ್ಟಿತು. ಬಾಳವ್ವ ಕೊಳವೆ ತಂದು ಇಪ್ಪತ್ತೇಳು ವರ್ಷದ ಹೂವಿನ ಪುಡಿಯನ್ನು ಆ ನೀರಿಗೆ ಸುರಿದಳು. ಅಷ್ಟೇ ಹೊತ್ತು ಅವಳು ನಿಂತದ್ದು. ಹೊಸ ಊರಿನ ಕಡೆಯಿಂದ ಜನರ ಕೂಗು ಕೇಳಿಸಿತು. ಹೊಸ ಪಾತ್ರವೂ ಉಕ್ಕಿತ್ತು, ಹಳೆಯ ಪಾತ್ರವೂ ತುಂಬಿತ್ತು, ನಡುವೆ ತಗ್ಗಿನಲ್ಲಿ ಊರಿಗೆ ಊರೇ ಸಿಕ್ಕಿಕೊಂಡಿತ್ತು. ಸುತ್ತ ಹತ್ತೂರಿನಲ್ಲಿ ಹರಿಗೋಲು ಅಂತ ಇದ್ದದ್ದು ಒಂದೇ. ಅದರ ರಾಳ ಇನ್ನೂ ಹೊಸದಾಗಿ ಮಿಂಚುತ್ತಿತ್ತು.

ಬಲಗಾಲಿಟ್ಟು ಹತ್ತಿದಳು. ಗಂಡ ಹೆಂಡತಿ ಹುಟ್ಟು ಹಾಕಿದರು. ಮೊದಲು ಕೂಸುಗಳು, ಬಾಣಂತಿಯರು, ಆಮೇಲೆ ಮುದುಕರು, ಆಮೇಲೆ ಉಳಿದವರು. ಹನ್ನೆರಡು ಸಲ ದಾಟಿಸಿದಳು ಎನ್ನುತ್ತಾರೆ, ಕೆಳಗಿನ ಓಣಿಯವರು ನಲವತ್ತು ಎನ್ನುತ್ತಾರೆ, ಕರುಗಳನ್ನೂ ಸೇರಿಸಿ ಹೇಳುತ್ತಾರೇನೋ. ಗೌಡ ಗಾಬರಿಯಲ್ಲಿ ಎಡಗಾಲಿಟ್ಟು ಹತ್ತಿದ್ದಕ್ಕೆ, ಅಂಥ ಪ್ರವಾಹದಲ್ಲೂ ಅವನನ್ನು ಇಳಿಸಿ ಬಲಗಾಲಿಟ್ಟು ಹತ್ತಿಸಿಕೊಂಡಳಂತೆ. ಹತ್ತುವ ಪ್ರತಿಯೊಬ್ಬರನ್ನೂ ಕಳಕಪ್ಪ "ಯಾರ ಬಲ?" ಎಂದು ಕೇಳುತ್ತಿದ್ದನಂತೆ. ಹೆದರಿದವರು ಉತ್ತರ ಹೇಳುವ ಹೊತ್ತಿಗೆ ಅರ್ಧ ಹೊಳೆ ದಾಟಿರುತ್ತಿದ್ದರು. ಕಡೆಯವನಾಗಿ ಮುದ್ದಯ್ಯ ಹೂವಿನ ಬುಟ್ಟಿ ಎದೆಗವಚಿಕೊಂಡು ಬಂದ. ಒಂದು ಜೀವವೂ ಹೋಗಲಿಲ್ಲ. ಆ ಸಂಜೆ ದಿಬ್ಬದ ಮೇಲೆ, ಪಾಳುಬಿದ್ದ ಹಳೆಯ ಮನೆಗಳಲ್ಲಿ, ಮತ್ತೆ ಒಲೆ ಹತ್ತಿದವು. ಎಲ್ಲರ ಸಾರಿಗೂ ಕಳಕಪ್ಪನ ಅವರೆಕಾಳು.

ಹೊಳೆ ಆಮೇಲೆ ಅಲ್ಲಿಂದ ಕದಲಿಲ್ಲ. ಬಾಳವ್ವನೂ ಕಳಕಪ್ಪನೂ ಹಣ್ಣು ಹಣ್ಣಾಗುವ ತನಕ ಜನರನ್ನು ದಾಟಿಸಿದರು.

ಇವತ್ತಿಗೂ ಆ ಊರಿಗೆ ಹೋದರೆ ನೋಡಿ, ದಡಯ್ಯನ ಮುಂದೆ ಯಾರೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನೀರು ಸರಿದು ಮುಂದೆ ಎಷ್ಟು ಮರಳಿದ್ದರೂ ನಿಲ್ಲುವುದಿಲ್ಲ. ಹೊಸ ಸೊಸೆ ತಿಳಿಯದೆ ಎದುರಿಗೆ ಹೋದರೆ ಅತ್ತೆ ಹೆಗಲು ಹಿಡಿದು ಹಿಂದಕ್ಕೆ ಕರೆತಂದು, ಬಿಳೀ ಗೆರೆ ತೋರಿಸಿ, ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸುತ್ತಾಳೆ. ಕಾರಹುಣ್ಣಿಮೆಗೆ ಗೌಡನ ಮನೆ, ಕುಂಬಾರನ ಮನೆ, ಪೂಜಾರಿಯ ಮನೆ ಎನ್ನದೆ ಎಲ್ಲರ ಅಂಗಳದಲ್ಲೂ ಅಂಗೈಯಗಲದ ಒಂದು ಹರಿಗೋಲು ಹೆಣೆದು, ರಾಳ ಬಳಿದು, ಒಣ ನೆಲದ ಮೇಲೆ ಇಟ್ಟು, ದಾರದಿಂದ ಕಂಬಕ್ಕೆ ಕಟ್ಟುತ್ತಾರೆ. ಬಂದವರಿಗೆಲ್ಲ ಮಜ್ಜಿಗೆ. ಹೊಳೆ ದಾಟುವವರು ಬಲಗಾಲಿಟ್ಟು ಹತ್ತಿದ ಕೂಡಲೇ ಅಂಬಿಗ ಯಾರ ಬಲ ಎಂದು ಕೇಳುತ್ತಾನೆ. ಉತ್ತರ ಹೇಳುವ ತನಕ ಅವನು ಹಗ್ಗ ಬಿಚ್ಚುವುದಿಲ್ಲ.